ಕರಗಿದರೂ ಬೆರೆಯದು

ಪ್ಲಾಸ್ಟಿಕ್ ಮರುಬಳಕೆಯ ಶೆಡ್ಡುಗಳಲ್ಲಿ, ಬೆಂಗಳೂರಿನ ನಾಯಂಡಹಳ್ಳಿಯಾಗಲಿ ಇನ್ನಾವುದೇ ಊರಾಗಲಿ, ಅತಿ ಅಗ್ಗದ ಯಂತ್ರವೆಂದರೆ ನೀರಿನ ತೊಟ್ಟಿ. ನೀರಿನ ಬಾಟಲಿಗಳನ್ನು ಮುಚ್ಚಳದ ಸಮೇತ ಚೂರು ಮಾಡಿ ತೊಟ್ಟಿಗೆ ಸುರಿದರೆ ಬಾಟಲಿಯ ಚೂರು ತಳ ಸೇರುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದು, ಒಂದು ಘನ ಸೆಂಟಿಮೀಟರು ಸುಮಾರು 1.38 ಗ್ರಾಂ ತೂಗುತ್ತದೆ. ಪಿವಿಸಿ ಅದಕ್ಕಿಂತ ತುಸು ಭಾರ. ಪಾಲಿಸ್ಟೈರೀನಿನ ತೂಕ 1.05ರ ಆಸುಪಾಸು, ಅದೂ ಮುಳುಗುತ್ತದೆ. ಬೇಕಿದ್ದರೆ ನೀರಿಗೆ ಉಪ್ಪು ಹಾಕಿ ತೇಲಿಸಿಕೊಳ್ಳಬಹುದು. ಇಷ್ಟರ ಮಟ್ಟಿಗೆ ಕೆಲಸ ಸಲೀಸು.

ತೊಡಕು ಇರುವುದು ಮೇಲೆ ತೇಲಿದ ಪದರದಲ್ಲಿ. ಅಲ್ಲಿ ಎರಡು ಪ್ಲಾಸ್ಟಿಕ್ಕುಗಳು ಒಟ್ಟಿಗೆ ಇರುತ್ತವೆ. ಪಾಲಿಥೀನು 0.91ರಿಂದ 0.97, ಪಾಲಿಪ್ರೊಪಿಲೀನು ಅಂದರೆ ಪಿಪಿ 0.90ರಿಂದ 0.91. ಎರಡೂ ನೀರಿಗಿಂತ ಹಗುರ, ಎರಡೂ ಮೇಣದಂತೆ ಜಾರು. ಬಾಟಲಿ ಮುಚ್ಚಳಗಳಲ್ಲೇ ಎರಡೂ ಬಗೆಯವು ಇವೆ, ಬಕೆಟ್ಟುಗಳಲ್ಲೂ ಅಷ್ಟೆ. ನೀರಿಗೆ ಇವೆರಡರ ಭೇದ ತಿಳಿಯದು. ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಹೆಂಗಸರ ಬೆರಳುಗಳಿಗೆ ತಿಳಿಯುತ್ತದೆ. ಬಗ್ಗಿಸಿ, ಉಗುರಿನಿಂದ ಗೀರಿ, ಮುರಿದಾಗಿನ ಸದ್ದು ಕೇಳಿ ಅವರು ಬೇರೆ ಬೇರೆ ಚೀಲಕ್ಕೆ ಹಾಕುತ್ತಾರೆ. ಆದರೆ ಅದು ಇಡಿಯ ವಸ್ತು ಕೈಯಲ್ಲಿದ್ದಾಗಿನ ಮಾತು. ಚೂರಾದ ಮೇಲೆ ಯಾರ ಕೈಯಿಂದಲೂ ಆಗದು. ಹಾಗೆ ಉಳಿದ ಚೂರುಗಳೆಲ್ಲ ಒಟ್ಟಿಗೆ ಕರಗಿ, ಎಳೆಯಾಗಿ ಹೊರಬಂದು, ನೀರಲ್ಲಿ ತಣಿದು, ಕತ್ತರಿಸಿಕೊಂಡು ಕಾಳಿನಂಥ ಹರಳುಗಳಾಗುತ್ತವೆ, ಈ ಕಸುಬಿನವರು ಅದನ್ನು ‘ದಾನ’ ಎನ್ನುತ್ತಾರೆ. ದಾನ ಮತ್ತೆ ಬಕೆಟ್ಟಾಗುತ್ತದೆ, ಮಗ್ಗಾಗುತ್ತದೆ. ಆ ಬಕೆಟ್ಟು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಕರಗಿದ ಆ ಕೆಲವು ನಿಮಿಷಗಳಲ್ಲಿದೆ.

ಕಾಗದದ ಮೇಲೆ ನೋಡಿದರೆ ಪಾಲಿಥೀನು, ಪಿಪಿ ಒಡಹುಟ್ಟುಗಳು. ಎರಡರಲ್ಲೂ ಇಂಗಾಲ ಮತ್ತು ಜಲಜನಕ ಬಿಟ್ಟರೆ ಬೇರೇನಿಲ್ಲ, ಅವುಗಳ ಪ್ರಮಾಣವೂ ಒಂದೇ. ಪಿಪಿಯ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಪುಟ್ಟ ಕವಲೊಂದಿದೆ, ವ್ಯತ್ಯಾಸ ಅಷ್ಟೇ. ಆದರೂ ಎರಡನ್ನೂ 200 ಡಿಗ್ರಿಯಲ್ಲಿ ಕರಗಿಸಿ ಎಷ್ಟು ಹೊತ್ತು ತಿರುವಿದರೂ ಅವು ಒಂದಾಗುವುದಿಲ್ಲ. ಒಂದು ಇನ್ನೊಂದರೊಳಗೆ ಹನಿಹನಿಯಾಗಿ ನಿಲ್ಲುತ್ತದೆ. ತಣ್ಣಗಾಗುವಾಗಲೂ ಪಿಪಿ ತನ್ನ ಹರಳುಗಳನ್ನು ತಾನು ಕಟ್ಟಿಕೊಳ್ಳುತ್ತದೆ, ಪಾಲಿಥೀನು ತನ್ನವನ್ನು. ಮತ್ತೆ ಕಾಯಿಸಿದರೆ ಒಂದು 130 ಡಿಗ್ರಿಯ ಸುತ್ತ ಕರಗುತ್ತದೆ, ಇನ್ನೊಂದು 160 ದಾಟಿದ ಮೇಲೆ.

ಇದೇಕೆ ಹೀಗೆ ಎಂಬುದಕ್ಕೆ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಎಂಬ ಇಬ್ಬರು ಅಮೆರಿಕನ್ ರಸಾಯನ ವಿಜ್ಞಾನಿಗಳು 1940ರ ದಶಕದ ಆರಂಭದಲ್ಲಿ, ಬೇರೆ ಬೇರೆಯಾಗಿಯೇ, ಲೆಕ್ಕ ಕಟ್ಟಿಕೊಟ್ಟರು. ಫ್ಲೋರಿಗೆ 1974ರಲ್ಲಿ ನೊಬೆಲ್ ಬಂತು. ಲೆಕ್ಕದ ತಿರುಳು ಇಷ್ಟು: ಜಾತ್ರೆಯಲ್ಲಿ ಎರಡು ಊರಿನ ಜನ ಬಿಡಿಬಿಡಿಯಾಗಿ ಓಡಾಡಿದರೆ ತಾಸೊಪ್ಪತ್ತಿನಲ್ಲಿ ಯಾರು ಯಾವ ಊರಿನವರೆಂದು ಗುರುತು ಸಿಗದಷ್ಟು ಬೆರೆತುಹೋಗುತ್ತಾರೆ. ಅದೇ ಜನ ಸಾವಿರ ಸಾವಿರದ ಸಾಲು ಕಟ್ಟಿ, ಕೈಗೆ ಕೈ ಹಿಡಿದು ಬಿಡದೆ ನಿಂತರೆ ಬೆರೆಯುವ ದಾರಿಗಳೇ ಉಳಿಯುವುದಿಲ್ಲ. ಸಣ್ಣ ಅಣುಗಳು ಬೆರೆಯುವುದು ಬಹುಪಾಲು ಈ ಓಡಾಟದ ಸ್ವಾತಂತ್ರ್ಯದ ಬಲದಿಂದ. ಪ್ಲಾಸ್ಟಿಕ್ಕಿನ ಅಣುವೋ ಸಾವಿರಾರು ತುಣುಕುಗಳು ಸರಪಳಿಯಾಗಿ ಕೂಡಿದ್ದು, ಅದಕ್ಕೆ ಆ ಸ್ವಾತಂತ್ರ್ಯವಿಲ್ಲ. ಹೀಗಾಗಿ ಎರಡು ಜಾತಿಯ ಸರಪಳಿಗಳ ನಡುವೆ ಎಳ್ಳಷ್ಟು ಒಲ್ಲದತನವಿದ್ದರೂ ಸಾಕು, ಅವು ದೂರವೇ ಉಳಿಯುತ್ತವೆ. ಯಾವುದೇ ಎರಡು ಪ್ಲಾಸ್ಟಿಕ್ಕುಗಳನ್ನು ಆರಿಸಿಕೊಂಡರೂ ಅವು ಬೆರೆಯದೆ ಇರುವ ಸಂಭವವೇ ಹೆಚ್ಚು.

ಅಪವಾದಗಳಿವೆ, ಅವುಗಳಲ್ಲಿ ಒಂದರ ಕಥೆ ಹೇಳಲೇಬೇಕು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಅಲನ್ ಹೇ 1956ರಲ್ಲಿ ಪಿಪಿಒ ಎಂಬ ಹೊಸ ಪ್ಲಾಸ್ಟಿಕ್ ಕಂಡುಹಿಡಿದರು. ಸುಮಾರು 210 ಡಿಗ್ರಿಯವರೆಗೂ ಮೆದುವಾಗದ ಗಟ್ಟಿ ಆಸಾಮಿ ಅದು. ಆ ಗಟ್ಟಿತನವೇ ಅದಕ್ಕೆ ಮುಳುವಾಯಿತು. ಅಚ್ಚಿನೊಳಗೆ ಹರಿಯುವಷ್ಟು ತೆಳುವಾಗಬೇಕಾದರೆ ಎಷ್ಟು ಕಾಯಿಸಬೇಕಿತ್ತೆಂದರೆ, ಅಷ್ಟರಲ್ಲಿ ಪ್ಲಾಸ್ಟಿಕ್ಕೇ ಕೆಡತೊಡಗುತ್ತಿತ್ತು. ಒಳ್ಳೆಯ ವಸ್ತು, ಆದರೆ ರೂಪ ಕೊಡಲಾಗದು. ಕೊನೆಗೆ ಕೈಹಿಡಿದದ್ದು ಅಗ್ಗದ, ಬೇಗ ಮುರಿಯುವ, 100 ಡಿಗ್ರಿಗೇ ಮೆತ್ತಗಾಗುವ ಪಾಲಿಸ್ಟೈರೀನು. ಇವೆರಡರ ಸರಪಳಿಗಳು ಒಂದನ್ನೊಂದು ತುಸು ಸೆಳೆಯುತ್ತವೆ, ಆದ್ದರಿಂದ ಅಣುವಿನ ಮಟ್ಟದಲ್ಲೇ ಬೆರೆಯುತ್ತವೆ. ಬೆರೆತ ವಸ್ತು ಮೆದುವಾಗುವ ಉಷ್ಣತೆ ಎರಡಲ್ಲ, ಒಂದೇ. ಪಾಲಿಸ್ಟೈರೀನು ಹೆಚ್ಚು ಹಾಕಿದರೆ ಅದು ಇಳಿಯುತ್ತದೆ, ಕಡಿಮೆ ಹಾಕಿದರೆ ಏರುತ್ತದೆ, ಬೇಕಾದಲ್ಲಿ ನಿಲ್ಲಿಸಿಕೊಳ್ಳಬಹುದು. 1966ರಲ್ಲಿ ಇದು ನೋರಿಲ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು, ಯಂತ್ರಗಳ ಹೊರಕವಚ, ಕಾರಿನ ಡ್ಯಾಶ್‌ಬೋರ್ಡುಗಳಾಯಿತು. ಮಿಶ್ರಣದ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಇದು. ಬಲಕ್ಕಾಗಿ ಅಲ್ಲ, ಹರಿವಿಗಾಗಿ ಬೆರೆಸಿದ ಪ್ಲಾಸ್ಟಿಕ್ ಅದು.

ಉಳಿದವುಗಳೆಲ್ಲ ಹನಿಗಳ ಲೋಕ. ಅಲ್ಲಿ ಹನಿಯ ಗಾತ್ರವೇ ಹಣೆಬರಹ.

ಕರಗಿದ ಪ್ಲಾಸ್ಟಿಕ್ಕು ಎಕ್ಸ್‌ಟ್ರೂಡರಿನ, ಅಂದರೆ ಪ್ಲಾಸ್ಟಿಕ್ ಕರಗಿಸಿ ಎಳೆಯಾಗಿ ತಳ್ಳುವ ಯಂತ್ರದ, ತಿರುಪಿನ ನಡುವೆ ಹಾದುಹೋಗುವಾಗ ಪ್ರತಿ ಹನಿಯ ಮೇಲೂ ಎರಡು ಬಲಗಳು ಜಗ್ಗಾಡುತ್ತವೆ. ಸುತ್ತಲಿನ ಹರಿವು ಹನಿಯನ್ನು ಎಳೆದು ಉದ್ದ ಮಾಡುತ್ತದೆ. ಹನಿಯ ಮೈಮೇಲಿನ ಬಿಗಿತ ಅದನ್ನು ಮತ್ತೆ ಉಂಡೆ ಮಾಡಲು ನೋಡುತ್ತದೆ. ಕೇಂಬ್ರಿಜ್ಜಿನ ಜಿ. ಐ. ಟೇಲರ್ 1934ರಲ್ಲಿ ಇದನ್ನು ಕಣ್ಣಾರೆ ನೋಡಿದರು. ಗಟ್ಟಿ ಸಕ್ಕರೆ ಪಾಕದಲ್ಲಿ ಎಣ್ಣೆಯ ಹನಿ ಬಿಟ್ಟು, ಸುತ್ತ ನಾಲ್ಕು ರೋಲರುಗಳನ್ನು ತಿರುಗಿಸಿ, ಹನಿ ಎಳೆದುಕೊಂಡು ಹೋಗಿ ಒಡೆಯುವ ಘಳಿಗೆಯ ಚಿತ್ರ ತೆಗೆದರು. ಎಳೆತ ಗೆದ್ದರೆ ಹನಿ ಒಡೆಯುತ್ತದೆ, ಬಿಗಿತ ಗೆದ್ದರೆ ಉಳಿಯುತ್ತದೆ. ಹನಿ ಚಿಕ್ಕದಾದಷ್ಟೂ ಬಿಗಿತದ ಕೈ ಮೇಲಾಗುತ್ತದೆ, ಆದ್ದರಿಂದ ಒಂದು ಮಿತಿಗಿಂತ ಸಣ್ಣದಾಗಿ ಒಡೆಯುವುದು ಕಷ್ಟ.

ಟೇಲರ್ ಕೆಲಸದಿಂದ ಶುರುವಾದ ಈ ವಿಚಾರದಲ್ಲಿ ಪ್ಲಾಸ್ಟಿಕ್ ಕೆಲಸದವರು ನೆನಪಿಡಲೇಬೇಕಾದ ಒಂದು ಅಂಶವಿದೆ. ಒಳಗಿನ ಹನಿಯೂ ಹೊರಗಿನ ದ್ರವವೂ ಹೆಚ್ಚುಕಡಿಮೆ ಒಂದೇ ಮಂದವಾಗಿದ್ದರೆ ಒಡೆಯುವುದು ಸುಲಭ. ಹನಿಯೇ ಸುತ್ತಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಮಂದವಾದರೆ, ಪದರದ ಮೇಲೆ ಪದರ ಜಾರುವಂಥ ಸಾಮಾನ್ಯ ಹರಿವು ಅದನ್ನು ಒಡೆಯಲಾರದು. ಹನಿ ಸುಮ್ಮನೆ ಉರುಳುತ್ತಾ ಹೋಗುತ್ತದೆ. ಅದನ್ನು ಒಡೆಯಲು ಹಿಗ್ಗಿಸಿ ಎಳೆಯುವ ಹರಿವು ಬೇಕು, ಅದಕ್ಕೆ ತಕ್ಕ ತಿರುಪು ಬೇಕು. ಸಣ್ಣ ಘಟಕಗಳ ಒಂಟಿ ತಿರುಪಿನ ಯಂತ್ರ ತಳ್ಳುವುದರಲ್ಲಿ ಗಟ್ಟಿಗ, ಬೆರೆಸುವುದರಲ್ಲಿ ಅಲ್ಲ. ಒಂದು ಗಟ್ಟಿ ಡ್ರಮ್ಮಿನ ಪಾಲಿಥೀನು ಬಲು ಮಂದವಾಗಿ ಹರಿಯುವಂಥದ್ದು. ತೆಳು ಡಬ್ಬಿಯ ಪಿಪಿ ನೀರಾಗಿ ಹರಿಯುವಂಥದ್ದು. ಇವೆರಡೂ ಒಂದೇ ಚೀಲದಲ್ಲಿ ಬಂದರೆ ಡ್ರಮ್ಮಿನ ತುಣುಕುಗಳು ಗಂಟುಗಂಟಾಗಿಯೇ ಕೊನೆಯವರೆಗೂ ಉಳಿಯುತ್ತವೆ. ಇನ್ನೊಂದು ಸಂಕಟ, ಒಡೆದ ಹನಿಗಳು ಹಾಗೇ ಇರುತ್ತವೆಂಬ ಭರವಸೆಯೂ ಇಲ್ಲ. ಒಂದಕ್ಕೊಂದು ಡಿಕ್ಕಿಯಾಗಿ ಮತ್ತೆ ಕೂಡಿಕೊಳ್ಳುತ್ತವೆ. ದಾನ ಮಾಡುವಾಗ ಪಟ್ಟ ಶ್ರಮ ಅಚ್ಚಿನ ಯಂತ್ರದಲ್ಲಿ ಮತ್ತೆ ಕರಗುವಾಗ ವ್ಯರ್ಥವಾಗಬಹುದು.

ಹರಿವನ್ನು ಅಳೆಯಲು ಈ ಉದ್ಯಮದಲ್ಲಿ ಎಲ್ಲರೂ ನಂಬಿರುವ ಅಂಕಿ ಎಂಎಫ್‌ಐ, ಅಂದರೆ ಮೆಲ್ಟ್ ಫ್ಲೋ ಇಂಡೆಕ್ಸ್. ಯಂತ್ರ ತೀರಾ ಸರಳ. ಬಿಸಿ ಮಾಡಿದ ಉಕ್ಕಿನ ನಳಿಗೆಗೆ ದಾನ ತುಂಬಿ, ಮೇಲಿನ ಕೊಂತಕ್ಕೆ 2.16 ಕಿಲೋ ತೂಕ ಇಟ್ಟು, ತಳದಲ್ಲಿರುವ 2.095 ಮಿಲಿಮೀಟರ್ ತೂತಿನಿಂದ 10 ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯಿತೆಂದು ತೂಗುವುದು. ಪಾಲಿಥೀನಿಗೆ 190 ಡಿಗ್ರಿ, ಪಿಪಿಗೆ 230 ಡಿಗ್ರಿ. ಅಂಕಿ ಹೆಚ್ಚಾದಷ್ಟೂ ಸಲೀಸಾದ ಹರಿವು. ಶುದ್ಧ ಮಾಲಿಗೆ ಇದು ಚೊಕ್ಕ ಪರೀಕ್ಷೆ, ಅದರಲ್ಲಿ ಎರಡು ಮಾತಿಲ್ಲ.

ಮಿಶ್ರಣದಲ್ಲಿ ಇದರ ಮಾತನ್ನು ಹಾಗೇ ನಂಬಲಾಗದು. ಮೊದಲಿಗೆ, ಯಾವ ಉಷ್ಣತೆಯಲ್ಲಿ ಅಳೆಯಬೇಕೆಂಬುದೇ ಗೊಂದಲ. ಎರಡನೆಯದಾಗಿ, ಈ ಯಂತ್ರದಲ್ಲಿ ಪ್ಲಾಸ್ಟಿಕ್ಕು ಆಮೆಯ ವೇಗದಲ್ಲಿ ಇಳಿಯುತ್ತದೆ, ಅಚ್ಚಿನ ಕಿರುದಾರಿಯಲ್ಲಾದರೋ ಅದು ನೂರಾರು ಪಟ್ಟು ರಭಸದಿಂದ ನುಗ್ಗುತ್ತದೆ. ರಭಸ ಹೆಚ್ಚಿದಷ್ಟೂ ಸರಪಳಿಗಳು ಹರಿವಿನ ದಿಕ್ಕಿಗೆ ಸಾಲುಗೂಡಿ ದ್ರವ ತೆಳುವಾಗುತ್ತದೆ, ಪ್ರತಿ ಪ್ಲಾಸ್ಟಿಕ್ಕೂ ತನ್ನದೇ ಪ್ರಮಾಣದಲ್ಲಿ. ಪರೀಕ್ಷೆಯಲ್ಲಿ ಸಮವಾಗಿ ಕಂಡ ಎರಡು ಮಾಲುಗಳು ಅಚ್ಚಿನಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳಬಹುದು.

ಇವೆರಡಕ್ಕಿಂತ ಗಹನವಾದದ್ದು ಮುಂದಿನದು. ಪಿಪಿಯನ್ನು ಪ್ರತಿ ಸಲ ಕರಗಿಸಿದಾಗಲೂ ಅದರ ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ, ಎಂಎಫ್‌ಐ ಏರುತ್ತದೆ. ಪಾಲಿಥೀನಿನಲ್ಲಿ ಹಲವು ಬಾರಿ ಇದಕ್ಕೆ ವಿರುದ್ಧ: ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಅಂಕಿ ಇಳಿಯುತ್ತದೆ. ಎರಡೂ ಇರುವ ಚೀಲದಲ್ಲಿ ಈ ಏರಿಳಿತಗಳು ಸರಿತೂಗಿ ಅಂಕಿ ಹೊಸ ಮಾಲಿನಂತೆಯೇ ಬರಬಹುದು. ಒಳಗೆ ಎರಡೂ ಹಾಳಾಗಿರುತ್ತವೆ, ಹೊರಗೆ ಅಂಕಿ ಚೆನ್ನಾಗಿರುತ್ತದೆ. ಇನ್ನೂ ಒಂದಿದೆ. ಹನಿಗೂ ಸುತ್ತಲಿನದಕ್ಕೂ ಹಿಡಿತವೇ ಇಲ್ಲದಿದ್ದಾಗ ಅವುಗಳ ಗಡಿಯಲ್ಲಿ ಜಾರಾಟ ನಡೆಯುತ್ತದೆ. ಕೆಲವು ಮಿಶ್ರಣಗಳು ತಮ್ಮೊಳಗಿನ ಎರಡೂ ಪ್ಲಾಸ್ಟಿಕ್ಕುಗಳಿಗಿಂತ ಸಲೀಸಾಗಿ ಹರಿಯುವುದು ಇದರಿಂದಲೇ. ಗಡಿಯನ್ನು ಬೆಸೆಯುವ ವಸ್ತು ಸೇರಿಸಿದರೆ ಹರಿವು ಸಾಮಾನ್ಯವಾಗಿ ಮಂದವಾಗುತ್ತದೆ. ಅಂದರೆ ಯಂತ್ರ ನಡೆಸುವವರಿಗೆ ಖುಷಿ ಕೊಡುವ ಆ ಸಲೀಸು ಹರಿವು, ತಣ್ಣಗಾದ ಮೇಲೆ ಸೀಳಿಕೊಳ್ಳುವ ಬಕೆಟ್ಟಿನ ಮುನ್ಸೂಚನೆಯೂ ಆಗಿರಬಹುದು. ಮಿಶ್ರ ದಾನವನ್ನು ಎಂಎಫ್‌ಐ ಒಂದನ್ನೇ ನೋಡಿ ಕೊಳ್ಳುವುದು ತಪ್ಪು ಎಂದು ಇಷ್ಟು ಖಚಿತವಾಗಿ ಹೇಳಲು ಕಾರಣ ಇದೇ.

ಅಚ್ಚಿನೊಳಗೆ ನುಗ್ಗಿದಾಗ ಹರಿವು ತನ್ನ ಗುರುತನ್ನು ಉಳಿಸಿಯೇ ಹೋಗುತ್ತದೆ. ತಣ್ಣನೆಯ ಗೋಡೆಗೆ ತಾಗಿದ ಭಾಗದಲ್ಲಿ ಹನಿಗಳು ನೂಲಿನಂತೆ, ಹಾಳೆಯಂತೆ ಎಳೆದುಕೊಂಡು ಹಾಗೇ ಗಟ್ಟಿಯಾಗುತ್ತವೆ. ನಡುವಿನ ಭಾಗ ನಿಧಾನವಾಗಿ ತಣಿಯುವುದರಿಂದ ಅಲ್ಲಿ ಅವು ಮತ್ತೆ ಉಂಡೆಯಾಗಲು ಸಮಯ ಸಿಗುತ್ತದೆ. ಅಗ್ಗದ ಪ್ಲಾಸ್ಟಿಕ್ ವಸ್ತುವಿನ ಅಂಚು ಸಿಪ್ಪೆಯಂತೆ ಏಳುವುದನ್ನು ನೋಡಿದವರು ಈ ಹೊರಪದರವನ್ನೇ ನೋಡಿರುವುದು. ತೂತು, ಕಿಂಡಿ ಇರುವಲ್ಲಿ ಇನ್ನೂ ತೊಂದರೆ. ಹರಿವು ಎರಡಾಗಿ ಸೀಳಿ, ಬಳಸಿ ಬಂದು, ಆಚೆ ಕಡೆ ಮತ್ತೆ ಮುಖಾಮುಖಿಯಾಗುತ್ತದೆ. ಹಾಗೆ ಕೂಡಿದ ಗೆರೆಗೆ ವೆಲ್ಡ್ ಲೈನ್ ಎನ್ನುತ್ತಾರೆ. ಒಂದೇ ಪ್ಲಾಸ್ಟಿಕ್ಕಾದರೆ ಅಲ್ಲಿ ಸರಪಳಿಗಳು ಆಚೀಚೆ ದಾಟಿ ಹೆಣೆದುಕೊಳ್ಳುತ್ತವೆ. ಬೆರೆಯದ ಮಿಶ್ರಣದಲ್ಲಿ ಚಪ್ಪಟೆಯಾದ ಹನಿಗಳು ಆ ಗೆರೆಯ ಉದ್ದಕ್ಕೂ ಮಲಗಿಬಿಡುತ್ತವೆ, ಹೆಣಿಗೆ ಬೀಳುವುದಿಲ್ಲ. ಬಕೆಟ್ಟಿನ ಹಿಡಿಕೆ ಸಿಕ್ಕಿಸುವ ಕಿವಿಯ ತೂತು, ಕುರ್ಚಿಯ ಬೆನ್ನಿನ ಕಿಂಡಿ, ಹಣ್ಣಿನ ಕ್ರೇಟಿನ ಜಾಲರಿ ಎಲ್ಲವೂ ಇಂಥ ಗೆರೆಗಳು ಬೀಳುವ ಜಾಗಗಳು. ಭಾರ ಬೀಳುವುದೂ ಅಲ್ಲೇ.

ಅಂಗಡಿಯಲ್ಲಿ ಬಕೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ನಮಗೆಲ್ಲ ಇದೆ. ಒತ್ತಿದಾಗ ತಿಳಿಯುವುದು ಬಿಗುವು, ಬಾಳಿಕೆಯಲ್ಲ. ಮಿಶ್ರಣದ ಬಿಗುವು ಅದರೊಳಗಿನ ಎರಡು ಪ್ಲಾಸ್ಟಿಕ್ಕುಗಳ ಬಿಗುವಿನ ನಡುವೆ ಎಲ್ಲೋ ನಿಲ್ಲುತ್ತದೆ, ಏಕೆಂದರೆ ಸ್ವಲ್ಪವೇ ಬಾಗಿದಾಗ ಗಡಿಗಳ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಎಳೆದಾಗಲೇ ಬಣ್ಣ ಬಯಲಾಗುವುದು. ಶುದ್ಧ ಪಾಲಿಥೀನಿನ ಪಟ್ಟಿಯನ್ನು ಹಿಡಿದೆಳೆದರೆ ಮೂಲ ಉದ್ದದ ಎಷ್ಟೋ ಪಟ್ಟು ಹಿಗ್ಗುತ್ತದೆ. ಪಿಪಿಯೂ ನಿಧಾನವಾಗಿ ಎಳೆದರೆ ಹಿಗ್ಗುತ್ತದೆ. ಎರಡನ್ನೂ ಬೆರೆಸಿದ್ದು ಹಿಗ್ಗುವ ಮೊದಲೇ ತುಂಡಾಗುತ್ತದೆ. ಹನಿಯ ಮೈಯಿಂದ ಸುತ್ತಲಿನದು ಕಳಚಿಕೊಂಡು ಪೊಳ್ಳಾಗುತ್ತದೆ, ಪೊಳ್ಳಿನಿಂದ ಪೊಳ್ಳಿಗೆ ಬಿರುಕು ಹಾಯುತ್ತದೆ.

ಹೊಡೆತಕ್ಕೆ ಬೇರೆಯೇ ಪರೀಕ್ಷೆ. ಫ್ರಾನ್ಸಿನ ಜಾರ್ಜ್ ಶಾರ್ಪಿ 1901ರಲ್ಲೂ ಬ್ರಿಟನ್ನಿನ ಎಡ್ವಿನ್ ಐಜಾಡ್ 1903ರಲ್ಲೂ ಲೋಹಗಳಿಗಾಗಿ ರೂಪಿಸಿದ ಲೋಲಕದ ಪರೀಕ್ಷೆಗಳನ್ನೇ ಇವತ್ತು ಪ್ಲಾಸ್ಟಿಕ್ಕಿಗೂ ಬಳಸುತ್ತಾರೆ. ಪುಟ್ಟ ಪಟ್ಟಿಗೆ ಕಚ್ಚೊಂದನ್ನು ಹಾಕಿ, ತೂಗಿಬಂದ ಲೋಲಕ ಅದನ್ನು ಮುರಿಯುವಾಗ ಕಳೆದುಕೊಂಡ ಶಕ್ತಿಯನ್ನು ಅಳೆಯುವುದು. ಕಚ್ಚು ಏಕೆಂದರೆ, ವಸ್ತುಗಳು ಮುರಿಯುವುದು ಗೀರಿನಿಂದ, ಮೂಲೆಯಿಂದ. ಬೆರೆಯದ ಮಿಶ್ರಣದಲ್ಲಿ ದೊಡ್ಡದೊಂದು ಹನಿಯೇ ಒಳಗಿನ ಕಚ್ಚಿನ ಕೆಲಸ ಮಾಡುತ್ತದೆ.

ಹಾಗೆಂದು ಬೆರೆಯದಿರುವುದೇ ಶಾಪವೆಂದು ತಿಳಿಯಬಾರದು. ಪಾಲಿಸ್ಟೈರೀನಿಗೆ ಕೆಲವೇ ಶೇಕಡಾ ರಬ್ಬರು ಸೇರಿಸಿ, ಆ ರಬ್ಬರಿನ ಕಣಗಳಿಗೆ ಪಾಲಿಸ್ಟೈರೀನಿನ ಸರಪಳಿಗಳನ್ನೇ ಬೆಸೆದರೆ, ಗಾಜಿನಂತೆ ಒಡೆಯುತ್ತಿದ್ದ ವಸ್ತು ಫ್ರಿಜ್ಜಿನ ಒಳಗೋಡೆಯಾಗುವಷ್ಟು ಗಟ್ಟಿಮುಟ್ಟಾಗುತ್ತದೆ. ಹೆಲ್ಮೆಟ್ಟಿನ ಹೊರಚಿಪ್ಪಿಗೆ ಬಳಸುವ ಎಬಿಎಸ್ ಇದೇ ಬಳಗದ್ದು. ಅಲ್ಲಿ ರಬ್ಬರಿನ ಕಣಗಳೆಲ್ಲ ಸೇರಿ ಹೊಡೆತದ ಶಕ್ತಿಯನ್ನು ಲಕ್ಷಾಂತರ ಕಿರುಸೀಳುಗಳಾಗಿ ಹಂಚಿಬಿಡುತ್ತವೆ, ಒಂದು ದೊಡ್ಡ ಬಿರುಕು ಹುಟ್ಟಲು ಬಿಡುವುದಿಲ್ಲ. ಇಂಥ ಪ್ಲಾಸ್ಟಿಕ್ಕನ್ನು ಬಗ್ಗಿಸಿದಾಗ ಮಡಿಕೆಯಲ್ಲಿ ಬೆಳ್ಳಗಾಗುವುದು ಆ ಕಿರುಸೀಳುಗಳು ಬೆಳಕನ್ನು ಚದುರಿಸುವುದರಿಂದ. ಡುಪಾಂಟ್ ಕಂಪನಿ 1970ರ ದಶಕದಲ್ಲಿ ಇದೇ ದಾರಿಯಲ್ಲಿ ನೈಲಾನನ್ನು ಸುಲಭಕ್ಕೆ ಮುರಿಯದಂತೆ ಮಾಡಿತು. ಅಲ್ಲಿಯ ಸೌಹೆಂಗ್ ವು 1985ರಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು: ಆ ನೈಲಾನಿನಲ್ಲಿ ಮುಖ್ಯವಾದದ್ದು ರಬ್ಬರು ಎಷ್ಟಿದೆ ಎಂಬುದಲ್ಲ, ಕಣದಿಂದ ಕಣಕ್ಕೆ ಇರುವ ಅಂತರ. ಅದು ಸುಮಾರು 0.3 ಮೈಕ್ರಾನಿಗಿಂತ ಕಡಿಮೆಯಾದರೆ ನೈಲಾನು ತಾಳಿಕೊಳ್ಳುತ್ತದೆ, ಹೆಚ್ಚಾದರೆ ಮುರಿಯುತ್ತದೆ.

ಇಲ್ಲೆಲ್ಲ ಕೆಲಸ ಮಾಡಿದ್ದು ಗಡಿಯ ಬೆಸುಗೆ. ನೈಲಾನಿನ ಸರಪಳಿಯ ತುದಿಯಲ್ಲಿ ಅಮೀನ್ ಗುಂಪಿದೆ. ರಬ್ಬರಿಗೆ ಮೆಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದರೆ ಎರಡೂ ಯಂತ್ರದೊಳಗೇ ಕೂಡಿಕೊಳ್ಳುತ್ತವೆ. ಪಾಲಿಥೀನು, ಪಿಪಿಗಳಲ್ಲಿ ಹಾಗೆ ಹಿಡಿದುಕೊಳ್ಳಲು ಯಾವ ಕೈಯೂ ಇಲ್ಲ. 2017ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಫ್ರಿ ಕೋಟ್ಸ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ಬೇಟ್ಸ್ ತಂಡಗಳು ‘ಸೈನ್ಸ್’ ಪತ್ರಿಕೆಯಲ್ಲಿ ದಾರಿಯೊಂದನ್ನು ತೋರಿಸಿದವು. ಒಂದೇ ಸರಪಳಿಯಲ್ಲಿ ಪಾಲಿಥೀನಿನ ಉದ್ದ ತುಂಡು, ಪಿಪಿಯ ಉದ್ದ ತುಂಡು, ಮತ್ತೆ ಪಾಲಿಥೀನು, ಮತ್ತೆ ಪಿಪಿ. ಪ್ರತಿ ತುಂಡೂ ಗಡಿಯ ಆಚೀಚೆ ತನ್ನವರ ಹರಳಿನೊಳಗೆ ಸೇರಿ ಹೊಲಿಗೆ ಹಾಕುತ್ತದೆ. ಇಂಥ ಅಣುವನ್ನು ಶೇ 1ರಷ್ಟು ಸೇರಿಸಿದರೂ ಸುಲಭಕ್ಕೆ ಮುರಿಯುತ್ತಿದ್ದ ಮಿಶ್ರಣ ಹಿಗ್ಗತೊಡಗಿತು. ಇದನ್ನೇ ಅಂಟಾಗಿ ಬಳಸಿ ಎರಡೂ ಪ್ಲಾಸ್ಟಿಕ್ಕಿನ ಹಾಳೆಗಳನ್ನು ಜೋಡಿಸಿದಾಗ ಜೋಡಣೆ ಬಿಡಲಿಲ್ಲ, ಹಾಳೆಯೇ ಹರಿಯಿತು. ಓದಿದಾಗ ಹಿಗ್ಗಾಗುವ ಫಲಿತಾಂಶ. ಆದರೆ ಆ ಸರಪಳಿಗಳನ್ನು ಕಟ್ಟುವ ವೇಗವರ್ಧಕದಲ್ಲಿರುವುದು ಹ್ಯಾಫ್ನಿಯಮ್ ಎಂಬ ದುಬಾರಿ ಲೋಹ, ಅದರ ಒಂದೊಂದು ಪರಮಾಣುವೂ ಒಂದೊಂದೇ ಸರಪಳಿಯನ್ನು ಬೆಳೆಸುತ್ತದೆ. ಕಿಲೋ ಲೆಕ್ಕದಲ್ಲಿ ಮಾರುವ ದಾನಕ್ಕೆ ಈ ದರ ಹೊಂದುವುದಿಲ್ಲ.

ಭಾರತದಲ್ಲಿ ಈ ವಿಷಯ ಈಗ ಪ್ರಯೋಗಾಲಯದ ಕುತೂಹಲವಾಗಿ ಉಳಿದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ ತಂದ ತಿದ್ದುಪಡಿ, ಗಟ್ಟಿ ಪ್ಯಾಕೇಜಿಂಗಿನಲ್ಲಿ 2025-26ಕ್ಕೆ ಶೇ 30ರಷ್ಟು, 2028-29ರ ಹೊತ್ತಿಗೆ ಶೇ 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂಬ ಗುರಿ ಇಟ್ಟಿದೆ. ಬೇಡಿಕೆ ಏರಿದಾಗ ತೊಟ್ಟಿಯ ಮೇಲೆ ತೇಲಿದ್ದನ್ನೆಲ್ಲ ಒಂದೇ ಯಂತ್ರಕ್ಕೆ ಸುರಿಯುವ ಒತ್ತಡವೂ ಏರುತ್ತದೆ. ಕಪ್ಪು ಬಣ್ಣ ಹಾಕಿದರೆ ಕಲಬೆರಕೆಯ ಬಣ್ಣಗಳು ಮುಚ್ಚಿಹೋಗುತ್ತವೆ. ಆ ಕಪ್ಪು ಮುಂದಿನ ಸುತ್ತಿನಲ್ಲಿ ಇನ್ನೊಂದು ತೊಡಕು: ಅವಕೆಂಪು ಬೆಳಕಿನಿಂದ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವ ಯಂತ್ರಗಳಿಗೆ ಮಸಿ ಬೆರೆತ ಕಪ್ಪು ಚೂರು ಕಾಣುವುದೇ ಇಲ್ಲ.

ಎಲ್ಲಕ್ಕಿಂತ ಅಗ್ಗದ ಪರಿಹಾರ ಇನ್ನೂ ಆ ಹೆಂಗಸರ ಬೆರಳುಗಳಲ್ಲೇ ಇದೆ. ಚೂರು ಮಾಡುವ ಮೊದಲು ಬೇರ್ಪಡಿಸಿದ ಒಂದೊಂದು ಕಿಲೋವೂ ಬೆಸೆಯುವ ರಾಸಾಯನಿಕದ ಖರ್ಚನ್ನು ಉಳಿಸುತ್ತದೆ. ಅವರು ಆ ಕೆಲಸಕ್ಕೆ ಪಡೆಯುವ ಕೂಲಿಯಲ್ಲಿ ಈ ಉಳಿತಾಯದ ಲೆಕ್ಕ ಸೇರಬೇಕು. ಸುಟ್ಟು ವಾಸನೆ ನೋಡಿ ಜಾತಿ ಹೇಳುವ ಪದ್ಧತಿ ಮಾತ್ರ ನಿಲ್ಲಬೇಕು, ಪಿವಿಸಿಯ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ.

ಬೇರ್ಪಡದೆ ಉಳಿದ ಮಾಲಿನಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯುವುದು ಕಷ್ಟವಲ್ಲ. ಡಿಎಸ್‌ಸಿ ಎಂಬ ಉಪಕರಣದಲ್ಲಿ ಕೆಲವೇ ಮಿಲಿಗ್ರಾಂ ದಾನವನ್ನು ನಿಧಾನವಾಗಿ ಕಾಯಿಸಿದರೆ 130ರ ಬಳಿ ಒಂದು ಶಿಖರ, 160ರ ಆಚೆ ಇನ್ನೊಂದು ಶಿಖರ ಮೂಡುತ್ತದೆ, ಅವುಗಳ ವಿಸ್ತೀರ್ಣದಿಂದ ಪ್ರಮಾಣದ ಅಂದಾಜು ಸಿಗುತ್ತದೆ. ಇಂಥ ಪರೀಕ್ಷೆಗಳ ಪರಿಣತಿ ನಮ್ಮಲ್ಲೇ ಇದೆ: ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸಂಸ್ಥೆಯಾದ ಸಿಪೆಟ್‌ನ ಕೇಂದ್ರವಿದೆ, ಅಲ್ಲಿಯ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನದ ವಿಭಾಗವಿದೆ. ದಾನದ ಚೀಲದ ಜೊತೆ ಎಂಎಫ್‌ಐ ಮಾತ್ರವಲ್ಲದೆ ಈ ಎರಡು ಶಿಖರಗಳ ಲೆಕ್ಕ, ಕಚ್ಚು ಹಾಕಿ ಹೊಡೆದ ಪಟ್ಟಿಯ ಅಂಕಿ, ಎಳೆದಾಗ ಎಷ್ಟು ಹಿಗ್ಗಿತೆಂಬ ಅಂಕಿ, ಇವು ಬಂದರೆ ಕೊಳ್ಳುವವರು ತೀರ್ಮಾನಿಸಬಲ್ಲರು. ಹಿಗ್ಗದ ಮಾಲು ದಪ್ಪ ಹಲಗೆಗೆ, ಒತ್ತಡವನ್ನಷ್ಟೇ ಹೊರುವ ನೆಲಹಾಸಿನ ಬಿಲ್ಲೆಗೆ ಹೋಗಲಿ. ಹಿಡಿಕೆಯ ಕಿವಿಯಲ್ಲಿ 15 ಲೀಟರ್ ನೀರು ತೂಗಬೇಕಾದ ಬಕೆಟ್ಟಿಗೆ ಬೇರ್ಪಡಿಸಿದ ಪಿಪಿಯೋ ಬೇರ್ಪಡಿಸಿದ ಪಾಲಿಥೀನೋ ಬರಲಿ.